ಕಾಗದ ಯಾರ ಕೈ ಹಾದು ಬಂತು: ಜಾನ್ ಬ್ರೌನ್ ಕುಟುಂಬದ ಪತ್ರಗಳ ನಡುವೆ ಕಲಿತದ್ದು

ಅಮೆರಿಕದ ಒಂದು ಗ್ರಂಥಾಲಯದ ಹಸ್ತಪ್ರತಿ ವಿಭಾಗದಲ್ಲಿ ಹತ್ತೊಂಬತ್ತನೆಯ ಶತಮಾನದ ಖಾಸಗಿ ಪತ್ರಗಳಿಗೆ ವಿವರಣೆ ಬರೆಯುವುದು ನನ್ನ ಕೆಲಸ. ಯಾರು, ಯಾರಿಗೆ, ಎಲ್ಲಿಂದ, ಯಾವ ದಿನ ಬರೆದರು, ಒಳಗೇನಿದೆ ಎಂಬುದನ್ನು ನಾಲ್ಕಾರು ಸಾಲುಗಳಲ್ಲಿ ಹೇಳಿ, ಮುಂದೆ ಹುಡುಕಿಕೊಂಡು ಬರುವವರಿಗೆ ದಾರಿ ಮಾಡಿಕೊಡಬೇಕು. ಹೊರಗಿನಿಂದ ನೋಡಿದರೆ ಇದು ಗುಮಾಸ್ತಿಕೆ. ಬಹುಪಾಲು ದಿನ ನಿಜಕ್ಕೂ ಗುಮಾಸ್ತಿಕೆಯೇ. ಆದರೆ ಗುಲಾಮಗಿರಿಯನ್ನು ಅಳಿಸಲು ಆಯುಧ ಹಿಡಿದು ಗಲ್ಲಿಗೇರಿದ ಜಾನ್ ಬ್ರೌನನ ಕುಟುಂಬದ ಪತ್ರಗಳಿಗೆ ವಿವರಣೆ ಬರೆಯುವಾಗ ಒಂದು ಮಾತು ನನಗೆ ದೃಢವಾಯಿತು: ಕಾಗದದಲ್ಲಿ ಏನಿದೆ ಎಂದು ಬರೆಯುವ ಮೊದಲು ಅದನ್ನು ಯಾರು ಉಳಿಸಿಕೊಂಡರು, ಯಾರು ನಕಲು ಮಾಡಿದರು, ಯಾರು ಅಚ್ಚು ಹಾಕಿಸಿದರು ಎಂಬುದನ್ನು ಬರೆಯಬೇಕು.

ಬ್ರೌನ್ 1800ರಲ್ಲಿ ಕನೆಕ್ಟಿಕಟ್‌ನ ಟಾರಿಂಗ್ಟನ್‌ನಲ್ಲಿ ಹುಟ್ಟಿದವನು. ಚರ್ಮ ಹದಮಾಡುವುದು, ಕುರಿ ಸಾಕಣೆ, ಉಣ್ಣೆ ವ್ಯಾಪಾರ ಎಂದು ಹಲವು ಕಸುಬುಗಳಲ್ಲಿ ಕೈಯಾಡಿಸಿ, 1842ರಲ್ಲಿ ದಿವಾಳಿಯೂ ಎದ್ದವನು. 1856ರ ಮೇ ತಿಂಗಳಲ್ಲಿ ಕ್ಯಾನ್ಸಸ್‌ನ ಪೊಟವಾಟಮಿ ತೊರೆಯ ಬಳಿ ಗುಲಾಮಗಿರಿಯ ಪರವಾಗಿದ್ದ ಐವರನ್ನು ರಾತ್ರಿ ಮನೆಗಳಿಂದ ಹೊರಗೆಳೆದು ಕೊಂದ ಗುಂಪಿನ ನಾಯಕ ಅವನೇ. 1859ರ ಅಕ್ಟೋಬರ್ 16ರ ರಾತ್ರಿ ವರ್ಜೀನಿಯಾದ ಹಾರ್ಪರ್ಸ್ ಫೆರಿಯಲ್ಲಿದ್ದ ಸರ್ಕಾರಿ ಶಸ್ತ್ರಾಗಾರದ ಮೇಲೆ ದಾಳಿ ಮಾಡಿ, 18ರ ಬೆಳಿಗ್ಗೆ ಗಾಯಗೊಂಡು ಸೆರೆ ಸಿಕ್ಕಿ, ಡಿಸೆಂಬರ್ 2ರಂದು ಚಾರ್ಲ್ಸ್ ಟೌನ್‌ನಲ್ಲಿ ನೇಣಿಗೇರಿದ. ಒಂದೂವರೆ ಶತಮಾನ ಕಳೆದರೂ ಅವನನ್ನು ಹುತಾತ್ಮನೆನ್ನಬೇಕೋ ಕೊಲೆಗಾರನೆನ್ನಬೇಕೋ ಎಂಬ ಜಗಳ ಆ ದೇಶದಲ್ಲಿ ಮುಗಿದಿಲ್ಲ. ಆದ್ದರಿಂದ ಅವನ ಕಾಗದಗಳ ವಿವರಣೆಯಲ್ಲಿ ಒಂದು ಗುಣವಾಚಕ ಹೆಚ್ಚು ಬಿದ್ದರೂ ಓದುಗರು ಅದನ್ನು ತೀರ್ಪೆಂದೇ ಹಿಡಿಯುತ್ತಾರೆ.

ಇಷ್ಟೊಂದು ಪತ್ರಗಳು ಹುಟ್ಟಿದ್ದಕ್ಕೆ ಕಾರಣ ಸರಳವಾದದ್ದು: ಆತ ಮನೆಯಲ್ಲಿ ನಿಂತದ್ದೇ ಕಡಿಮೆ. ಇಬ್ಬರು ಹೆಂಡತಿಯರಿಂದ ಇಪ್ಪತ್ತು ಮಕ್ಕಳು. ಅವರಲ್ಲಿ ಹಲವರು ಎಳವೆಯಲ್ಲೇ ತೀರಿಕೊಂಡರು. ಮೊದಲ ಹೆಂಡತಿ ಡಯಾಂತಿ 1832ರಲ್ಲಿ ತೀರಿಕೊಂಡ ಮೇಲೆ ಕೈಹಿಡಿದ ಮೇರಿ ಆ್ಯನ್ ಡೇ ನ್ಯೂಯಾರ್ಕ್ ರಾಜ್ಯದ ನಾರ್ತ್ ಎಲ್ಬಾ ಎಂಬ ಚಳಿಯ ಗುಡ್ಡಗಾಡಿನ ಹೊಲಮನೆಯಲ್ಲಿ ಸಂಸಾರ ತೂಗಿಸುತ್ತಿದ್ದರೆ, ಗಂಡ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಇಂಗ್ಲೆಂಡಿನಲ್ಲಿ, ಆಮೇಲೆ ಕ್ಯಾನ್ಸಸ್‌ನಲ್ಲಿ ಇರುತ್ತಿದ್ದ. ‘ಪ್ರಿಯ ಪತ್ನಿಗೂ ಮಕ್ಕಳೆಲ್ಲರಿಗೂ’ ಎಂಬಂಥ ಒಕ್ಕಣೆಯಿಂದ ಶುರುವಾಗುವ ಆ ಕಾಗದಗಳಲ್ಲಿ, ನಮ್ಮ ಹಿರಿಯರ ಕಾಗದಗಳ ‘ಉಭಯ ಕುಶಲೋಪರಿ’ಯಂತೆಯೇ, ಮೊದಲು ಎಲ್ಲರ ಆರೋಗ್ಯದ ಮಾತು ಬರುತ್ತದೆ, ಅನಂತರ ದನಕರು, ಹಣದ ಮುಗ್ಗಟ್ಟು, ಮಕ್ಕಳ ನಡತೆ, ದೇವರ ಭಯ, ಇವುಗಳ ಮಧ್ಯದಲ್ಲೇ, ಅದೇ ಶಾಯಿಯಲ್ಲಿ, ಗುಲಾಮಗಿರಿಯ ಮಾತು. ಹಳೆಯ ವಿವರಣೆಗಳಲ್ಲಿ ಗುಲಾಮಗಿರಿಯ ಸಾಲುಗಳನ್ನು ಮಾತ್ರ ಎತ್ತಿ ಹೇಳಿ ಮಿಕ್ಕಿದ್ದನ್ನು ‘ಮನೆವಾರ್ತೆ’ ಎಂದು ಮುಗಿಸುವ ರೂಢಿಯಿತ್ತು. ನಾನು ಅದನ್ನು ಒಪ್ಪುವುದಿಲ್ಲ. ಆತ ಹೊರಗಿದ್ದುಕೊಂಡು ಮಾಡಿದ್ದೆಲ್ಲವೂ ಮೇರಿ ಒಳಗಿದ್ದುಕೊಂಡು ಹೊತ್ತ ಭಾರದ ಮೇಲೆ ನಿಂತಿತ್ತು ಎಂಬುದಕ್ಕೆ ಸಾಕ್ಷಿ ಇರುವುದು ಆ ಮನೆವಾರ್ತೆಯಲ್ಲಿಯೇ. ‘ಹೆಂಡತಿಗೆ ಪತ್ರ’ ಎಂದಷ್ಟೇ ಇದ್ದ ಕಡೆಯಲ್ಲೆಲ್ಲ ಮೇರಿಯ ಪೂರ್ಣ ಹೆಸರನ್ನು ಸೂಚಿಗೆ ಸೇರಿಸುವುದು ಚಿಕ್ಕ ತಿದ್ದುಪಡಿ. ಆದರೆ ಆ ಹೆಸರಿನಿಂದ ಹುಡುಕುವವರಿಗೆ ಏನೂ ಸಿಗದಿದ್ದ ಕಡೆ ಈಗ ಒಂದು ಬದುಕೇ ಸಿಗುತ್ತದೆ.

ವಿವರಣೆಕಾರನ ಕೈ ತಡೆಯುವ ಕಾಗದವೆಂದರೆ 1856ರ ಜೂನ್ ತಿಂಗಳದು. ಪೊಟವಾಟಮಿ ಕೊಲೆಗಳು ನಡೆದು ಒಂದು ತಿಂಗಳೊಳಗೆ ಕ್ಯಾನ್ಸಸ್‌ನಿಂದ ಮನೆಗೆ ಬರೆದ ದೀರ್ಘ ಪತ್ರದಲ್ಲಿ ಬ್ರೌನ್, ಐವರನ್ನು ಕೊಂದ ಆರೋಪ ತಮ್ಮ ಮೇಲೆ ಬಂದಿದೆ, ತಮ್ಮನ್ನು ಹಿಡಿಯಲು ಬಹಳ ಪ್ರಯತ್ನ ನಡೆದಿದೆ ಎಂದು ಹೇಳುತ್ತಾನೆ. ಕೊಂದೆವೆಂದು ಹೇಳುವುದಿಲ್ಲ, ಕೊಲ್ಲಲಿಲ್ಲವೆಂದೂ ಹೇಳುವುದಿಲ್ಲ. ಓವನ್, ಫ್ರೆಡರಿಕ್, ಸಾಲ್ಮನ್, ಆಲಿವರ್ ಎಂಬ ನಾಲ್ವರು ಮಕ್ಕಳೂ ಅಳಿಯ ಹೆನ್ರಿ ಥಾಂಪ್ಸನ್ನನೂ ಆ ರಾತ್ರಿ ಅವನ ಜೊತೆಗಿದ್ದವರು. ಆದರೂ 1860ರಲ್ಲಿ ಮೊದಲ ಜೀವನಚರಿತ್ರೆ ಬರೆದ ಜೇಮ್ಸ್ ರೆಡ್‌ಪಾತ್, ಬ್ರೌನ್ ಆ ಸ್ಥಳದಲ್ಲಿ ಇರಲೇ ಇಲ್ಲವೆಂದು ಸಾರಿದ. ಗುಂಪಿನಲ್ಲಿದ್ದ ಜೇಮ್ಸ್ ಟೌನ್ಸ್‌ಲಿ 1879ರಲ್ಲಿ ಪ್ರಕಟವಾದ ಹೇಳಿಕೆಯಲ್ಲಿ ನಡೆದದ್ದನ್ನು ಬಿಚ್ಚಿಡುವವರೆಗೆ ಅನೇಕ ಅಭಿಮಾನಿಗಳು ಆ ಮಾತನ್ನೇ ನಂಬಿದ್ದರು. ಬ್ರೌನ್ ಅಲ್ಲಿದ್ದದ್ದನ್ನು ಸಾಲ್ಮನ್ ಕೂಡ ಮುಪ್ಪಿನಲ್ಲಿ ಒಪ್ಪಿ ಹೇಳಿದ.

ಇಂಥ ಪತ್ರಕ್ಕೆ ‘ಕೊಲೆಗಳನ್ನು ನಿರಾಕರಿಸುತ್ತಾನೆ’ ಎಂದು ಬರೆದರೆ ಸುಳ್ಳಾಗುತ್ತದೆ, ‘ಒಪ್ಪಿಕೊಳ್ಳುತ್ತಾನೆ’ ಎಂದರೂ ಸುಳ್ಳೇ. ‘ಆರೋಪವನ್ನು ಉಲ್ಲೇಖಿಸುತ್ತಾನೆ, ತನ್ನ ಪಾತ್ರದ ಬಗ್ಗೆ ಏನನ್ನೂ ಹೇಳುವುದಿಲ್ಲ’ ಎಂದು ಬರೆಯುವುದೇ ಸರಿ. ಹೇಳದೆ ಬಿಟ್ಟದ್ದನ್ನು ಹೇಳದೆ ಬಿಟ್ಟಿದ್ದಾನೆ ಎಂದು ದಾಖಲಿಸಲು ಹೆಚ್ಚು ಪದ ಬೇಕಿಲ್ಲ, ಆದರೆ ಮೇಲಧಿಕಾರಿಗಳಿಗೆ ಅದನ್ನು ಒಪ್ಪಿಸಲು ಸ್ವಲ್ಪ ತಾಳ್ಮೆ ಬೇಕು. ಇಲ್ಲದ್ದನ್ನು ಸೂಚಿಯಲ್ಲಿ ಏಕೆ ಹೇಳಬೇಕು ಎಂಬುದು ಅವರ ನ್ಯಾಯವಾದ ಪ್ರಶ್ನೆ. ಇಲ್ಲದ್ದನ್ನು ಇದೆಯೆಂದು ಓದಿದವರು ಮೂರು ತಲೆಮಾರು ಇದ್ದರು ಎಂಬುದು ನನ್ನ ಉತ್ತರ.

ಸೆರೆಮನೆಯ ಪತ್ರಗಳ ತೊಡಕು ಬೇರೆ ಬಗೆಯದು. 1859ರ ಅಕ್ಟೋಬರ್ 31ರಂದು ಮನೆಗೆ ಬರೆದ ಪತ್ರದಲ್ಲಿ, ದಾಳಿಯಲ್ಲಿ ಮಗ ವಾಟ್ಸನ್‌ಗೆ ಪ್ರಾಣಾಂತಿಕ ಪೆಟ್ಟು ಬಿದ್ದದ್ದನ್ನೂ ಆಲಿವರ್ ಸತ್ತದ್ದನ್ನೂ ತನಗಾದ ಗಾಯಗಳನ್ನೂ ಆತ ಕೆಲವೇ ಸಾಲುಗಳಲ್ಲಿ ತಿಳಿಸುತ್ತಾನೆ. ಆ ಕಾಗದ ಹೊರಡುವ ಮೊದಲೇ ತೀರ್ಪು ಬಂದದ್ದರಿಂದ, ನವೆಂಬರ್ 2ರಂದು ತನಗೆ ಗಲ್ಲು ಶಿಕ್ಷೆಯಾಯಿತೆಂದೂ ತನಗಾಗಿ ದುಃಖಿಸಬಾರದೆಂದೂ ಕೊನೆಯಲ್ಲಿ ಸೇರಿಸಿದ್ದಾನೆ. ಒಂದೇ ದಿನಾಂಕ ಹಾಕಿ ಮುಂದೆ ಹೋದರೆ ತೀರ್ಪಿಗೆ ಮುಂಚಿನ ಮನಸ್ಸೂ ಆಮೇಲಿನ ಮನಸ್ಸೂ ಒಂದಾಗಿಬಿಡುತ್ತವೆ. ಎರಡೂ ದಿನಾಂಕಗಳನ್ನು ಕೊಡಬೇಕು. ಈ ಕಾಗದಗಳು ಕಾವಲಿನವರ ಕಣ್ಣಿನಡಿಯಲ್ಲಿ ಬರೆದಂಥವು. ಉತ್ತರದ ರಾಜ್ಯಗಳ ಸುದ್ದಿಪತ್ರಿಕೆಗಳಲ್ಲಿ ಬೇಗನೆ ಅಚ್ಚಾದಂಥವೂ ಹೌದು. ತನ್ನ ಮಾತು ಮನೆಯ ಹೊಸ್ತಿಲು ದಾಟುತ್ತದೆಂದು ಬ್ರೌನ್‌ಗೆ ತಿಳಿದಿತ್ತು. ನವೆಂಬರ್ 30ರಂದು ಬರೆದ ಕಡೆಯ ಪತ್ರವನ್ನು ಮಕ್ಕಳಿಗೆ ಹೇಳಿದ ಬುದ್ಧಿಮಾತೆಂದೂ ಓದಬಹುದು, ದೇಶಕ್ಕೆ ಬಿಟ್ಟುಹೋದ ಉಯಿಲೆಂದೂ ಓದಬಹುದು.

ಅದೇ ಸೆರೆಮನೆಗೆ ಬಂದ ಇನ್ನೊಂದು ಪತ್ರವನ್ನು ನಾನು ಈ ಸಾಲಿನಿಂದ ಬಿಡುವುದಿಲ್ಲ. ಪೊಟವಾಟಮಿಯಲ್ಲಿ ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ಮಹಾಲಾ ಡಾಯ್ಲ್ ಟೆನೆಸಿಯ ಚಟನೂಗದಿಂದ ಬರೆದದ್ದು ಅದು. ಅಂದು ತಾನು ಅಂಗಲಾಚಿ ಉಳಿಸಿಕೊಂಡ ಮಗ ಈಗ ಬೆಳೆದಿದ್ದಾನೆ, ನೇಣಿನ ಹಗ್ಗ ಸರಿಪಡಿಸಲು ಅವನಿಗೆ ಬಹಳ ಆಸೆಯಿದೆ ಎಂದು ಆಕೆ ಬರೆದಳು. ಅದೂ ಒಂದು ಕುಟುಂಬದ ನೆನಪೇ. ಬ್ರೌನನ ಸೆರೆಮನೆ ಪತ್ರಗಳನ್ನು ಕೇಳಿದವರಿಗೆ ಅದರ ಸುಳಿವೂ ಸಿಗುವಂತೆ ಸೂಚಿ ಇರಬೇಕೆಂಬುದು ನನ್ನ ಪಟ್ಟು.

ಇನ್ನು ಕಾಗದಗಳನ್ನು ಉಳಿಸಿದವರು. ಮೇರಿ 1864ರಲ್ಲಿ ಮಕ್ಕಳೊಂದಿಗೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ 1884ರಲ್ಲಿ ಅಲ್ಲಿಯೇ ತೀರಿಕೊಂಡಳು. ಹಿರಿಯ ಮಗ ಜಾನ್ ಜೂನಿಯರ್ ಒಹಾಯೊದ ಪುಟ್-ಇನ್-ಬೇ ದ್ವೀಪದಲ್ಲಿ ನೆಲೆಸಿದ. ರೂತ್, ಜೇಸನ್, ಓವನ್ ಪ್ಯಾಸಡೀನಾ ಕಡೆ ಸೇರಿದರು. ಮನೆಮಂದಿ ಚದುರಿದಂತೆ ಕಾಗದಗಳೂ ಚದುರಿದವು. ಇಂದು ಅವು ಕ್ಯಾನ್ಸಸ್, ಒಹಾಯೊ, ಬಾಸ್ಟನ್, ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯ, ಬಾಯ್ಡ್ ಸ್ಟಟ್ಲರ್ ಜೀವಮಾನವಿಡೀ ಕೂಡಿಹಾಕಿದ್ದನ್ನು ಕಾಪಾಡಿರುವ ವೆಸ್ಟ್ ವರ್ಜೀನಿಯಾದ ಸಂಗ್ರಹ, ಹೀಗೆ ಹಲವೆಡೆ ಇವೆ. ಎಷ್ಟೋ ಬಾರಿ ನಮ್ಮ ಮುಂದಿರುವುದು ಮೂಲವಲ್ಲ, ಬೆರಳಚ್ಚು ಪ್ರತಿ. ಅಥವಾ 1885ರಲ್ಲಿ ಫ್ರ್ಯಾಂಕ್ಲಿನ್ ಸ್ಯಾನ್‌ಬಾರ್ನ್ ಅಚ್ಚು ಹಾಕಿಸಿದ ಪಾಠ. ಸ್ಯಾನ್‌ಬಾರ್ನ್ ಬ್ರೌನ್‌ಗೆ ಗುಟ್ಟಾಗಿ ಹಣ ಒದಗಿಸಿದ ಆರು ಜನರಲ್ಲಿ ಒಬ್ಬ, ದಾಳಿಯ ಸುದ್ದಿ ಬಂದಾಗ ಕೆನಡಾಕ್ಕೆ ಓಡಿದ್ದವನು, ಆಮೇಲೆ ಬ್ರೌನನ ಹೆಣ್ಣುಮಕ್ಕಳಾದ ಆ್ಯನಿ ಮತ್ತು ಸಾರಾರನ್ನು ತನ್ನ ಕಾಂಕರ್ಡ್ ಶಾಲೆಗೆ ಸೇರಿಸಿಕೊಂಡವನು. ಇಷ್ಟು ಹತ್ತಿರದವನು ಸಂಪಾದಕನಾದಾಗ ‘ಪಾಠ: ಸ್ಯಾನ್‌ಬಾರ್ನ್ ಮುದ್ರಣದಿಂದ, ಮೂಲದೊಂದಿಗೆ ಹೋಲಿಸಿಲ್ಲ’ ಎಂದು ಬರೆಯುವುದು ಅವನ ಮೇಲಿನ ಅನುಮಾನವಲ್ಲ, ಓದುಗನಿಗೆ ಸಲ್ಲಬೇಕಾದ ಮಾಹಿತಿ.

ಆ್ಯನಿಯ ಪತ್ರಗಳಂತೂ ಬೇರೆಯೇ ವರ್ಗ. 1859ರ ಬೇಸಿಗೆಯಲ್ಲಿ, ದಾಳಿಕೋರರು ಅಡಗಿದ್ದ ಮೇರಿಲ್ಯಾಂಡ್‌ನ ಕೆನಡಿ ತೋಟದಲ್ಲಿ, 15 ವರ್ಷದ ಆ ಹುಡುಗಿ ಜಗಲಿಯಲ್ಲಿ ಕುಳಿತು ಅಕ್ಕಪಕ್ಕದವರ ಕಣ್ಣಿಗೆ ಅವರು ಬೀಳದಂತೆ ಕಾವಲಿದ್ದಳು. 1926ರವರೆಗೆ ಬದುಕಿದ್ದ ಆಕೆ ದಶಕಗಳ ನಂತರ ಬರೆದದ್ದು ಘಟನೆಯ ದಾಖಲೆಯಲ್ಲ, ಘಟನೆಯ ನೆನಪು. ನಡೆದ ವರ್ಷ ಒಂದು ಕಡೆ, ಬರೆದ ವರ್ಷ ಇನ್ನೊಂದು ಕಡೆ ನಮೂದಾಗದಿದ್ದರೆ ಇಂಥ ಪತ್ರ ಸಂಶೋಧಕನನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ.

ಬದುಕುಳಿದ ಮಕ್ಕಳನ್ನು ಹುಡುಕಿ ಹೋಗಿ ಮಾತನಾಡಿಸಿ ಬರೆದುಕೊಂಡವಳು ಕ್ಯಾಥರೀನ್ ಮೇಯೋ. ಆಸ್ವಾಲ್ಡ್ ಗ್ಯಾರಿಸನ್ ವಿಲಾರ್ಡ್ ಬರೆದು 1910ರಲ್ಲಿ ಬಂದ ಬ್ರೌನನ ಜೀವನಚರಿತ್ರೆಗಾಗಿ ಆಕೆ ಆ ಕೆಲಸ ಮಾಡಿದಳು. ಹೌದು, 1927ರಲ್ಲಿ ‘ಮದರ್ ಇಂಡಿಯಾ’ ಬರೆದು, ಗಾಂಧೀಜಿಯಿಂದ ಚರಂಡಿ ಇನ್‌ಸ್ಪೆಕ್ಟರನ ವರದಿ ಎನ್ನಿಸಿಕೊಂಡ ಅದೇ ಮೇಯೋ. ಆ ಹೆಸರು ಕಂಡೊಡನೆ ಭಾರತೀಯನಾದ ನನ್ನ ಹುಬ್ಬು ತಾನಾಗಿ ಗಂಟಿಕ್ಕಿತು. ಆದರೆ ಆಕೆ ಬರೆದಿಟ್ಟುಕೊಂಡ ಟಿಪ್ಪಣಿಗಳು ಇಲ್ಲದಿದ್ದರೆ ಸಾಲ್ಮನ್, ಆ್ಯನಿ, ಸಾರಾರ ಎಷ್ಟೋ ಮಾತುಗಳು ಅವರೊಂದಿಗೇ ಹೋಗುತ್ತಿದ್ದವು. ಸಂದರ್ಶನ ಮಾಡಿದವಳ ಹೆಸರನ್ನು ಪ್ರತಿ ಟಿಪ್ಪಣಿಯ ಮೇಲೂ ಸ್ಪಷ್ಟವಾಗಿ ಹಾಕುತ್ತೇನೆ. ಅವಳ ಮೇಲಿನ ಸಿಟ್ಟನ್ನಾಗಲಿ ಮೆಚ್ಚುಗೆಯನ್ನಾಗಲಿ ಹಾಕುವುದಿಲ್ಲ.

ಬ್ರೌನ್ ಕುಟುಂಬಕ್ಕೆ ಕಾಪಾಡುವವರಿದ್ದರು, ಕೊಳ್ಳುವವರಿದ್ದರು, ಅಚ್ಚು ಹಾಕಿಸುವವರೂ ಇದ್ದರು. ಅವನೊಂದಿಗೆ ಹೋರಾಡಿದ ಕಪ್ಪು ಜನರ ಮನೆಗಳಿಗೆ ಆ ಭಾಗ್ಯ ಇರಲಿಲ್ಲ. ದಾಳಿಕೋರರಲ್ಲಿ ಮೊದಲು ಸತ್ತ ಡೇಂಜರ್‌ಫೀಲ್ಡ್ ನ್ಯೂಬಿಗೆ, ವರ್ಜೀನಿಯಾದಲ್ಲಿ ಗುಲಾಮಳಾಗಿಯೇ ಇದ್ದ ಹೆಂಡತಿ ಹ್ಯಾರಿಯಟ್ 1859ರಲ್ಲಿ ಬರೆದ ಪತ್ರಗಳು ಉಳಿದಿವೆ. ಯಜಮಾನನಿಗೆ ಹಣದ ಅಡಚಣೆಯಂತೆ, ತನ್ನನ್ನು ಯಾವಾಗ ಮಾರುತ್ತಾನೋ ತಿಳಿಯದು, ಹಣ ಹೊಂದಿದರೂ ಹೊಂದದಿದ್ದರೂ ಈ ಶರತ್ಕಾಲದಲ್ಲಿ ಬಂದುಬಿಡು ಎಂದು ಆಕೆ ಬೇಡಿಕೊಂಡಿದ್ದಳು. ಅವು ಉಳಿದದ್ದು ಯಾರ ಪ್ರೀತಿಯಿಂದಲೂ ಅಲ್ಲ. ವರ್ಜೀನಿಯಾ ಸರ್ಕಾರ ಅವನ್ನು ದಾಳಿಯ ಪುರಾವೆಯೆಂದು ವಶಪಡಿಸಿಕೊಂಡು ತನ್ನ ದಾಖಲೆಗಳಲ್ಲಿ ಅಚ್ಚು ಹಾಕಿಸಿದ್ದರಿಂದ. ದಾಳಿಯ ನಂತರ ಆಕೆಯನ್ನು ಲೂಸಿಯಾನಕ್ಕೆ ಮಾರಲಾಯಿತು. ಈ ಪತ್ರಗಳನ್ನು ‘ಜಾನ್ ಬ್ರೌನ್ ದಾಳಿ: ವಶಪಡಿಸಿಕೊಂಡ ಕಾಗದಗಳು’ ಎಂಬ ತಲೆಬರಹದ ಕೆಳಗೆ ಮಾತ್ರ ಇಡುವ ಸೂಚಿಗಳು ಇನ್ನೂ ಇವೆ. ನಾನು ಸಿದ್ಧಪಡಿಸುವ ಸೂಚಿಯಲ್ಲಿ ಲೇಖಕಿಯ ಸ್ಥಾನದಲ್ಲಿ ಹ್ಯಾರಿಯಟ್ ನ್ಯೂಬಿ ಎಂಬ ಹೆಸರಿರುತ್ತದೆ, ವಶಪಡಿಸಿಕೊಂಡ ಸರ್ಕಾರದ ಹೆಸರು ಪತ್ರದ ಇತಿಹಾಸದ ಅಂಕಣದಲ್ಲಿರುತ್ತದೆ.