ಗೇಟ್ ವಾಲ್ವನ್ನು ಅರ್ಧಕ್ಕೆ ತೆರೆದಿಡಬೇಡಿ

ಕಳೆದ ಶಟ್‌ಡೌನ್‌ನಲ್ಲಿ (ರಿಪೇರಿಗೆ ಅಂತ ಪ್ಲಾಂಟ್ ನಿಲ್ಲಿಸಿದಾಗ) ಒಂದು 6 ಇಂಚಿನ ಗೇಟ್ ವಾಲ್ವ್, ಅಂದರೆ ಪೈಪಿನ ದಾರಿಗೆ ಅಡ್ಡವಾಗಿ ಬಾಗಿಲಿನ ಹಾಗೆ ಇಳಿದು ಮುಚ್ಚುವ ವಾಲ್ವ್, ಬಿಚ್ಚಿದೆವು. ಪೂರ್ತಿ ಮುಚ್ಚಿದರೂ ಪಾಸ್ ಆಗುತ್ತಿದೆ (ಆಚೆ ಬದಿಗೆ ಸೋರುತ್ತಿದೆ) ಅನ್ನೋದು ದೂರು. ಬಾನೆಟ್ (ಮೇಲಿನ ಮುಚ್ಚಳ) ತೆಗೆದು ವೆಜ್ (ಹರಿವು ತಡೆಯುವ ಬೆಣೆಯಾಕಾರದ ತಟ್ಟೆ) ಮೇಲೆತ್ತಿದರೆ, ಅದರ ಮೇಲಿನ ಅರ್ಧ ಹೊಸದರ ಹಾಗೇ ಹೊಳೆಯುತ್ತಿತ್ತು. ಕೆಳಗಿನ ಅಂಚಿನಲ್ಲಿ ಮಾತ್ರ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳು, ಸೀಟ್ ರಿಂಗ್ (ಮುಚ್ಚಿದಾಗ ವೆಜ್ ಒತ್ತಿ ಕೂರುವ ಬಳೆ) ಕೂಡ ಅದೇ ಜಾಗದಲ್ಲಿ ಕೊರೆದುಹೋಗಿತ್ತು. ಯಾರೋ ಹರಿವು ಕಡಿಮೆ ಮಾಡೋಕೆ ಅಂತ ಇದನ್ನು ತಿಂಗಳುಗಟ್ಟಲೆ ನಾಲ್ಕೇ ಸುತ್ತು ತೆರೆದು ಓಡಿಸಿದ್ದರು.

ಗೇಟ್ ವಾಲ್ವ್ ಇರೋದು ಪೂರ್ತಿ ತೆರೆಯೋಕೆ ಇಲ್ಲವೇ ಪೂರ್ತಿ ಮುಚ್ಚೋಕೆ. ತೆರೆದಾಗ ವೆಜ್ ದಾರಿಯಿಂದ ಪೂರಾ ಮೇಲೆ ಹೋಗಿ ಬಾನೆಟ್ ಒಳಗೆ ಕೂರುತ್ತದೆ, ಹರಿಯುವ ದ್ರವಕ್ಕೆ ಅಡ್ಡ ಏನೂ ಇರುವುದಿಲ್ಲ. ಅದಕ್ಕೇ ಒತ್ತಡದ ನಷ್ಟ ತುಂಬ ಕಡಿಮೆ. ಲೆಕ್ಕಕ್ಕೆ ಈ ನಷ್ಟವನ್ನು ಪೈಪಿನ ವ್ಯಾಸದ 8 ಪಟ್ಟು ಉದ್ದದ ನೇರ ಪೈಪಿನಲ್ಲಿ ಆಗುವಷ್ಟು ಅಂತ ಹಿಡಿಯುತ್ತಾರೆ. ಅದೇ ಹರಿವು ಹೊಂದಿಸೋಕೆ ಬಳಸುವ ಸಾಮಾನ್ಯ ಗ್ಲೋಬ್ ವಾಲ್ವ್‌ಗೆ 340 ಪಟ್ಟು! ಇಷ್ಟು ಒಳ್ಳೆ ಗುಣ ಇರುವ ವಾಲ್ವನ್ನು ಕೊಳಾಯಿಯ ಹಾಗೆ ತಿರುಗಿಸಿ ಹಾಳು ಮಾಡೋದು ನೋಡಿದರೆ ನನಗೆ ನಿಜವಾಗಲೂ ಬೇಜಾರಾಗುತ್ತದೆ.

ಅರ್ಧ ತೆರೆದಾಗ ಆಗೋದೇನು? ವೆಜ್ ಸೀಟ್ ಬಿಟ್ಟು ಸ್ಟೆಮ್‌ನಿಂದ (ಅದನ್ನು ಮೇಲೆ ಕೆಳಗೆ ಮಾಡುವ ಸರಳಿನಿಂದ) ನೇತಾಡುತ್ತಿರುತ್ತದೆ. ಕೆಳಗಿನ ಸಣ್ಣ ಸಂದಿಯಲ್ಲಿ ನೀರು ಭಾರಿ ವೇಗದಲ್ಲಿ ನುಗ್ಗುತ್ತದೆ, ವೆಜ್ ಪಟಪಟ ಅಲುಗಾಡಿ ಸೀಟಿಗೆ ಬಡಿಯುತ್ತದೆ, ಮರಳಿನ ಕಣ ಇದ್ದರಂತೂ ಅರದಿಂದ ಉಜ್ಜಿದ ಹಾಗೆ ಸವೆಯುತ್ತದೆ. ಇಷ್ಟೆಲ್ಲ ಆಗಿಯೂ ಹರಿವು ಹಿಡಿತಕ್ಕೆ ಸಿಗಲ್ಲ, ಯಾಕಂದ್ರೆ ಮೊದಲ ಕೆಲವು ಸುತ್ತಿನಲ್ಲೇ ಹೆಚ್ಚಿನ ಹರಿವು ಬಂದುಬಿಡುತ್ತದೆ, ಆಮೇಲೆ ತಿರುಗಿಸಿದ್ದಕ್ಕೆ ಅಷ್ಟೇನೂ ಬದಲಾಗುವುದಿಲ್ಲ.

ಬಿಸಿ ಲೈನ್‌ನಲ್ಲಿ ಇನ್ನೊಂದು ತೊಂದರೆ ಇದೆ. ಬಿಸಿಯಿದ್ದಾಗ ಬಿಗಿಯಾಗಿ ಮುಚ್ಚಿದ ವಾಲ್ವ್ ತಣ್ಣಗಾದಾಗ ಬಾಡಿ ಕುಗ್ಗಿ ವೆಜ್ಜನ್ನು ಇಕ್ಕಳದ ಹಾಗೆ ಹಿಡಿದುಕೊಳ್ಳುತ್ತದೆ. ಮಾರನೇ ದಿನ ತೆರೆಯೋಕೆ ಹೋದರೆ ಜಪ್ಪಯ್ಯ ಅಂದರೂ ಅಲ್ಲಾಡಲ್ಲ. ಆಗ ಹ್ಯಾಂಡ್‌ವೀಲ್‌ಗೆ ಉದ್ದದ ಪೈಪ್ ಸಿಕ್ಕಿಸಿ ಎಳೆಯುತ್ತಾರೆ, ಸ್ಟೆಮ್ ಬಾಗುತ್ತದೆ. ಇಂಥ ಜಾಗಕ್ಕೆ ಒಂದೇ ಗಟ್ಟಿ ತುಂಡಿನ ಸಾಲಿಡ್ ವೆಜ್ ಬೇಡ, ಫ್ಲೆಕ್ಸಿಬಲ್ ವೆಜ್ ಹಾಕಿ. ಅದರ ಎರಡು ಮುಖಗಳ ನಡುವೆ ಸುತ್ತಲೂ ಕೊರೆದ ತೋಡು ಇರುತ್ತದೆ, ಹಾಗಾಗಿ ಸೀಟ್ ಸ್ವಲ್ಪ ಸರಿದರೂ ವೆಜ್ ಒಗ್ಗಿಕೊಳ್ಳುತ್ತದೆ.

ಹಾಂ, ಮುಚ್ಚಿದಾಗ ಕೊನೆಯಲ್ಲಿ ಬಿಗಿ ಕೂರದಿದ್ದರೆ ಬಲ ಹಾಕಬೇಡಿ. ಸೀಟಿನ ತಳದಲ್ಲಿ ಕಸ ಕೂತಿರಬಹುದು. ಒಂದೆರಡು ಸುತ್ತು ತೆರೆದು ಕ್ಷಣಕಾಲ ಹರಿಯೋಕೆ ಬಿಡಿ, ಕಸ ಕೊಚ್ಚಿಹೋಗುತ್ತದೆ, ಆಮೇಲೆ ಮುಚ್ಚಿ.

ನಮ್ಮ ವಾಲ್ವ್‌ಗೆ ಹೊಸ ಸೀಟ್ ರಿಂಗ್ ಹಾಕಿ, ವೆಜ್ ಮುಖಕ್ಕೆ ಸ್ಟೆಲೈಟ್ (ಸುಲಭಕ್ಕೆ ಸವೆಯದ ಗಟ್ಟಿ ಮಿಶ್ರಲೋಹ) ತುಂಬಿಸಿ, ಲ್ಯಾಪ್ ಮಾಡಿದೆವು (ನುಣ್ಣಗೆ ಉಜ್ಜಿ ಹೊಂದಿಸಿದೆವು). ಎಲ್ಲೆಲ್ಲಿ ತಾಗುತ್ತದೆ ಅಂತ ನೋಡೋಕೆ ನೀಲಿ ಬಣ್ಣ ಹಚ್ಚಿ ಕೂರಿಸಿ ತೆಗೆದಾಗ ಸುತ್ತಲೂ ಎಲ್ಲೂ ತುಂಡಾಗದ ಒಂದೇ ಗೆರೆ ಬಂತು. ರೇಟೆಡ್ ಒತ್ತಡದ 1.1 ಪಟ್ಟಿನಲ್ಲಿ ಸೀಟ್ ಟೆಸ್ಟ್ ಮಾಡಿದೆವು, ಒಂದು ಹನಿಯೂ ಬರಲಿಲ್ಲ. ಹರಿವು ಹೊಂದಿಸೋಕೆ ಅದರ ಮುಂದೆ ಈಗ ಒಂದು ಗ್ಲೋಬ್ ವಾಲ್ವ್ ಇದೆ.