ಕರ್ವ್ ಮಾಡುವುದು ಎಲ್ಲಿ ಉಂಟು?

ನವೆಂಬರ್ ಬಂತೆಂದರೆ ಮಂಗಳೂರಿನ ಡಿಸೈನ್ ಅಂಗಡಿಗಳಲ್ಲಿ ಯಾರಿಗೂ ಪುರುಸೊತ್ತಿಲ್ಲ. ಕಂಬಳದ ಬ್ಯಾನರ್, ಯಕ್ಷಗಾನದ ಕರಪತ್ರ, ನೇಮದ ಆಮಂತ್ರಣ, ಮದುವೆ ಕಾಗದ ಎಲ್ಲ ಒಟ್ಟಿಗೆ ಬರುತ್ತದೆ, ಎಲ್ಲರಿಗೂ ನಾಳೆಯೇ ಬೇಕು. ಇಂಥ ಹೊತ್ತಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು ಪಕ್ಕದ ಸೀಟಿನವರನ್ನು ಕೇಳುತ್ತಲೇ ಇರುತ್ತಾರೆ: "ಅಣ್ಣಾ, ಇದನ್ನು ಕರ್ವ್ ಮಾಡುವುದು ಎಲ್ಲಿ ಉಂಟು?" ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಇದಕ್ಕೆ ಉತ್ತರ ಕೊಡಬೇಕಾದದ್ದು ಡಿಸೈನ್ ಮಾಡುವ ಸಾಫ್ಟ್‌ವೇರೇ ಅಲ್ವಾ?

ಕರ್ವ್ ಮಾಡುವುದು ನಮ್ಮ ಕಡೆ ದಿನನಿತ್ಯದ ಕೆಲಸ. ಕನ್ನಡ ಅಕ್ಷರ ಇರುವ ಫೈಲನ್ನು ಹಾಗೆಯೇ ಪ್ರೆಸ್ಸಿಗೆ ಕಳಿಸಿದರೆ, ಅಲ್ಲಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ, ಒತ್ತಕ್ಷರ ಒಂದು ಕಡೆ, ದೀರ್ಘ ಇನ್ನೊಂದು ಕಡೆ ಹೋಗುತ್ತದೆ. ಅದಕ್ಕೆ ಅಕ್ಷರವನ್ನೆಲ್ಲ ಆಕಾರವಾಗಿ ಬದಲಿಸಿ ಕಳಿಸುತ್ತೇವೆ. ಕೋರೆಲ್ ಡ್ರಾ ಎಂಬ ಡಿಸೈನ್ ಸಾಫ್ಟ್‌ವೇರಿನಲ್ಲಿ ಇದರ ಹೆಸರು 'ಕನ್ವರ್ಟ್ ಟು ಕರ್ವ್ಸ್', ಶಾರ್ಟ್‌ಕಟ್ (ಒಟ್ಟಿಗೆ ಒತ್ತುವ ಕೀಲಿಗಳು) ಕಂಟ್ರೋಲ್ ಕ್ಯೂ. ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಇಲ್ಲಸ್ಟ್ರೇಟರಿನಲ್ಲಿ 'ಕ್ರಿಯೇಟ್ ಔಟ್‌ಲೈನ್ಸ್', ಕಂಟ್ರೋಲ್ ಶಿಫ್ಟ್ ಓ, ಅದೂ ಟೈಪ್ ಮೆನುವಿನೊಳಗೆ. ಇಂಕ್‌ಸ್ಕೇಪಿಗೆ ಹೋದರೆ 'ಆಬ್ಜೆಕ್ಟ್ ಟು ಪಾಥ್', ಕಂಟ್ರೋಲ್ ಶಿಫ್ಟ್ ಸಿ, ಪಾಥ್ ಮೆನುವಿನಲ್ಲಿ. ಕೆಲಸ ಒಂದೇ. ಕೋರೆಲ್‌ನಲ್ಲಿ ಕಲಿತವರು ಇಲ್ಲಸ್ಟ್ರೇಟರ್ ತೆರೆದು ಮೆನುಗಳಲ್ಲಿ ಕರ್ವ್ ಎಂದು ಹುಡುಕಿದರೆ ಸಿಗುವುದಾದರೂ ಹೇಗೆ ಮಾರಾಯ್ರೆ?

ಹೆಸರು ಟೈಪ್ ಮಾಡಿ ಕಮಾಂಡ್ ಹುಡುಕುವ ಪೆಟ್ಟಿಗೆ ಈಗ ಸುಮಾರು ಸಾಫ್ಟ್‌ವೇರ್‌ಗಳಲ್ಲಿ ಉಂಟು. ಫೋಟೋ ತಿದ್ದುವ ಗಿಂಪ್‌ನಲ್ಲಿ ಸ್ಲ್ಯಾಶ್ ಒತ್ತಿದರೆ ಬರುತ್ತದೆ, 3ಡಿ ಕೆಲಸದ ಬ್ಲೆಂಡರಿನಲ್ಲಿ ಎಫ್3, ಆ್ಯಪ್, ವೆಬ್‌ಸೈಟ್ ಡಿಸೈನ್ ಮಾಡುವ ಫಿಗ್ಮಾದಲ್ಲಿ ಕಂಟ್ರೋಲ್ ಕೆ. ಇಂಕ್‌ಸ್ಕೇಪಿಗೆ 2021ರ 1.1 ಆವೃತ್ತಿಯಲ್ಲಿ ಬಂತು, ಪ್ರಶ್ನೆ ಚಿಹ್ನೆಯ ಕೀಲಿ ಒತ್ತಬೇಕು. ಒಳ್ಳೆಯದೇ. ಆದರೆ ಇಂಥ ಪೆಟ್ಟಿಗೆ ಇದೆ ಎಂಬುದೇ ಎಷ್ಟೋ ಜನರಿಗೆ ಗೊತ್ತಿಲ್ಲ, ಯಾಕೆಂದರೆ ಅದನ್ನು ತೆರೆಯುವುದಕ್ಕೂ ಒಂದು ಶಾರ್ಟ್‌ಕಟ್ ಗೊತ್ತಿರಬೇಕು! ಅದು ಪರದೆಯ ಮೇಲೆ ಎದುರಿಗೇ ಕಾಣಬೇಕು ಎಂಬುದು ನನ್ನ ಹಠ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮ್ಯಾಕ್‌ನಲ್ಲಿ 2007ರಿಂದ ಇರುವ ಹೆಲ್ಪ್ ಮೆನುವಿನ ಹುಡುಕಾಟ. ಅಲ್ಲಿ ಕಮಾಂಡಿನ ಹೆಸರು ಹಾಕಿ, ಬಂದ ಉತ್ತರದ ಮೇಲೆ ಮೌಸ್ ಇಟ್ಟರೆ ಸಾಕು, ಅದು ಯಾವ ಮೆನುವಿನಲ್ಲಿದೆಯೋ ಆ ಮೆನುವನ್ನೇ ತೆರೆದು ಬಾಣದ ಗುರುತಿಟ್ಟು ತೋರಿಸುತ್ತದೆ, ಪಕ್ಕದಲ್ಲೇ ಶಾರ್ಟ್‌ಕಟ್ ಕೂಡ ಕಾಣುತ್ತದೆ. ಕೆಲಸವೂ ಆಯಿತು, ಜಾಗವೂ ಗೊತ್ತಾಯಿತು. ಫಿಗ್ಮಾದ ಶಾರ್ಟ್‌ಕಟ್ ಪಟ್ಟಿಯೂ ಚೆಂದ. ನೀವು ಒಮ್ಮೆ ಬಳಸಿದ ಶಾರ್ಟ್‌ಕಟ್ ಅದರಲ್ಲಿ ನೀಲಿಯಾಗುತ್ತದೆ, ಇನ್ನು ಯಾವುದು ಬಾಕಿ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ನೂರು ಶಾರ್ಟ್‌ಕಟ್ ಬಾಯಿಪಾಠ ಮಾಡಿಸುವ ವಿಡಿಯೋಗಳಿಗಿಂತ ಇದು ಎಷ್ಟೋ ಮೇಲು.

ಹುಡುಕುವ ಪೆಟ್ಟಿಗೆಗೆ ಬೇರೆ ಸಾಫ್ಟ್‌ವೇರಿನ ಹೆಸರುಗಳೂ ಗೊತ್ತಿರಬೇಕು. ಚಿತ್ರವನ್ನು ಒಂದು ಆಕಾರದೊಳಗೆ ಕೂರಿಸುವುದಕ್ಕೆ ಕೋರೆಲ್‌ನಲ್ಲಿ 'ಪವರ್‌ಕ್ಲಿಪ್' ಎನ್ನುತ್ತಾರೆ, ಇಲ್ಲಸ್ಟ್ರೇಟರಿನಲ್ಲಿ ಆ ಹೆಸರು ಹಾಕಿದರೆ ಅಲ್ಲಿನ 'ಕ್ಲಿಪ್ಪಿಂಗ್ ಮಾಸ್ಕ್' ಬರಬೇಕು. ಹಾಗೆಯೇ ಕನ್ನಡದ ವಿಷಯ. ನಾವು ಕನ್ನಡ ಟೈಪ್ ಮಾಡುತ್ತಾ ಇರುತ್ತೇವೆ, ನಡುವೆ ಕಮಾಂಡ್ ಹುಡುಕಲು ಹೋದರೆ ಪೆಟ್ಟಿಗೆಯಲ್ಲಿ ಕನ್ನಡ ಅಕ್ಷರವೇ ಬೀಳುತ್ತದೆ, ಏನೂ ಸಿಗುವುದಿಲ್ಲ. ಕೀಬೋರ್ಡನ್ನು ಇಂಗ್ಲಿಷಿಗೆ ಬದಲಿಸಬೇಕು, ಮುಗಿದ ಮೇಲೆ ಮತ್ತೆ ಕನ್ನಡಕ್ಕೆ. ಕನ್ನಡ ಲಿಪಿಯಲ್ಲೇ 'ಕರ್ವ್' ಎಂದು ಬರೆದರೂ ಅರ್ಥವಾಗುವ ಹಾಗೆ ಮಾಡುವುದು ಈಗಿನ ಕಾಲದಲ್ಲಿ ಅಂಥ ಕಷ್ಟದ ಕೆಲಸವೇ?

ಸಾಫ್ಟ್‌ವೇರ್ ಮಾಡುವವರಿಗೆ ಇನ್ನೊಂದು ಮಾತು, ಕೈಗೆ ಅಭ್ಯಾಸವಾದ ಶಾರ್ಟ್‌ಕಟ್‌ಗಳನ್ನು ದಯವಿಟ್ಟು ಬದಲಿಸಬೇಡಿ. ಫೋಟೋಶಾಪ್‌ನಲ್ಲಿ ಕಂಟ್ರೋಲ್ ಎಫ್ ಒತ್ತಿದರೆ ಮೊದಲೆಲ್ಲ ಚಿತ್ರಕ್ಕೆ ಕೊನೆಯದಾಗಿ ಹಾಕಿದ ಫಿಲ್ಟರ್ ಮತ್ತೊಮ್ಮೆ ಬೀಳುತ್ತಿತ್ತು. ಸಿಸಿ 2017 ಎಂಬ ಆವೃತ್ತಿಯಲ್ಲಿ ಆ ಕೀಲಿಯನ್ನು ಹುಡುಕಾಟಕ್ಕೆ ಕೊಟ್ಟು, ಫಿಲ್ಟರಿಗೆ ಆಲ್ಟ್ ಕಂಟ್ರೋಲ್ ಎಫ್ ಮಾಡಿದರು. ಹುಡುಕಾಟ ಬಂದದ್ದು ಸಂತೋಷವೇ, ಆದರೆ ಅದಕ್ಕೆ ಬೇರೆ ಕೀಲಿ ಕೊಡಬಹುದಿತ್ತು.

ಇದೆಲ್ಲ ಬರುವವರೆಗೆ ಅಂಗಡಿಯಲ್ಲೇ ಮಾಡಬಹುದಾದ ಕೆಲಸ ಒಂದುಂಟು. ಫೋಟೋಶಾಪ್‌ನಲ್ಲಿ ಆಲ್ಟ್ ಶಿಫ್ಟ್ ಕಂಟ್ರೋಲ್ ಕೆ ಒತ್ತಿ, 'ಸಮ್ಮರೈಸ್' ಕೊಡಿ. ಎಲ್ಲ ಶಾರ್ಟ್‌ಕಟ್‌ಗಳ ಪಟ್ಟಿ ಬ್ರೌಸರಿನಲ್ಲಿ ತೆರೆಯುವ ಫೈಲಾಗಿ ಸಿಗುತ್ತದೆ. ಕೋರೆಲ್‌ನಲ್ಲೂ ಕಸ್ಟಮೈಸೇಶನ್‌ಗೆ ಹೋಗಿ ಪೂರ್ತಿ ಪಟ್ಟಿ ನೋಡಬಹುದು, ಬೇಕಾದ ಕಮಾಂಡಿಗೆ ನಿಮ್ಮದೇ ಕೀಲಿ ಕೊಡಬಹುದು. ದಿನಾ ಬೇಕಾಗುವಷ್ಟನ್ನು ಮಾತ್ರ ಪ್ರಿಂಟ್ ತೆಗೆದು, ಪ್ರತಿ ಕಮಾಂಡಿನ ಪಕ್ಕದಲ್ಲಿ ನಿಮ್ಮ ಅಂಗಡಿಯಲ್ಲಿ ಅದನ್ನು ಏನೆಂದು ಕರೆಯುತ್ತೀರೋ ಅದನ್ನು ಪೆನ್ನಿನಲ್ಲಿ ಬರೆದು ಹೊಸಬರ ಕೈಗೆ ಕೊಡಿ.