ಸೆರಗಿನ ಗಂಟಿನಲ್ಲಿದ್ದ ನಾಲ್ಕು ಮಾತ್ರೆ

ಕಳೆದ ವರ್ಷದ ಮಾತು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಚುರ್ ಅನ್ನುತ್ತೆ.

ನಾನು ಕಿಮೋ ಡೇಕೇರ್‌ನಲ್ಲಿ ನರ್ಸ್. ಸ್ತನ ಕ್ಯಾನ್ಸರ್ ಆಗಿದ್ದ ಆ ಅಮ್ಮನಿಗೆ ಎಸಿ ಅನ್ನೋ ಕಿಮೋದ ಮೊದಲ ಸುತ್ತು ಸಲೀಸಾಗಿ ಮುಗಿಯಿತು. ಹೊರಡುವಾಗ ವಾಂತಿ ತಡೆಯೋ ಒಲಾಂಜಪೈನ್ ಮಾತ್ರೆ ಕೈಗಿಟ್ಟು "ರಾತ್ರಿ ಒಂದು, ನಾಲ್ಕು ದಿನ" ಅಂದೆ. ಹಿಂದೆ ಜನ ಕಾಯ್ತಿದ್ದರು. ಅಷ್ಟೇ ಹೇಳಿದ್ದು.

ಐದನೇ ದಿನ ವಾಂತಿ ಮಾಡಿ ಮಾಡಿ ಸುಸ್ತಾಗಿ, ಮಗನ ಹೆಗಲಿಗೆ ಜೋತುಬಿದ್ದು ಬಂದರು. ಬಿಪಿ 80/50. ತುಟಿ ಒಡೆದು, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಸೂಜಿ ಚುಚ್ಚೋಕೆ ರಕ್ತನಾಳ ಸಿಗ್ತಿಲ್ಲ. ಬಲಗೈ ಆಯ್ತು, ಮುಂಗೈ ಆಯ್ತು, ಮೂರನೇ ಸಲಕ್ಕೆ ಸಿಕ್ಕಿತು. ಆರ್‌ಎಲ್ ಡ್ರಿಪ್ ಓಡಿಸಿ ಬಿಪಿ ಏರುವವರೆಗೂ ನನ್ನ ಉಸಿರು ಬಿಗಿದೇ ಇತ್ತು. ಆ ಗಾಬರಿಯಲ್ಲಿ ಎಲ್ಲರ ಮುಂದೆ ಗದರಿಬಿಟ್ಟೆ. "ಮಾತ್ರೆ ತಗೊಂಡಿಲ್ಲ ಅಲ್ವಾ? ಹೇಳಿದ್ದು ಕೇಳೋದೇ ಇಲ್ಲ ನೀವು!"

ಅವರು ಸುಮ್ನೆ ಸೆರಗಿನ ಗಂಟು ಬಿಚ್ಚಿದರು. ನಾನು ಕತ್ತರಿಸಿ ಕೊಟ್ಟ ಸ್ಟ್ರಿಪ್. ನಾಲ್ಕೂ ಹಾಗೇ ಇದ್ದವು.

ಊರಿನ ಮೆಡಿಕಲ್ ಶಾಪ್‌ನವನು ನೋಡಿ "ಇದು ತಲೆ ಕೆಟ್ಟವರಿಗೆ ಕೊಡೋದು" ಅಂದನಂತೆ. "ಮಗಳಿಗೆ ಗಂಡು ನೋಡ್ತಿದ್ದೀವಿ ಸಿಸ್ಟರ್" ಅಂದರು, ಮೆಲ್ಲಗೆ.

ಅವನ ಮಾತು ಒರಟು, ಆದರೆ ಪೂರ್ತಿ ಸುಳ್ಳಲ್ಲ. 1996ರಲ್ಲಿ ಅಮೆರಿಕದಲ್ಲಿ ಈ ಮಾತ್ರೆಗೆ ಒಪ್ಪಿಗೆ ಸಿಕ್ಕಿದ್ದು ಮನೋರೋಗಕ್ಕೇ. ಕಿಮೋ ವಾಂತಿಯನ್ನೂ ಇದು ತಡೆಯುತ್ತೆ ಅಂತ ಗೊತ್ತಾಗಿದ್ದು ಆಮೇಲೆ. 10 ಎಂಜಿ ಬೇಕಿಲ್ಲ, 2.5 ಎಂಜಿ ಸಾಕು, ಹಗಲಿನ ಮಂಪರೂ ಕಡಿಮೆ ಅಂತ 2024ರಲ್ಲಿ ತೋರಿಸಿಕೊಟ್ಟವರು ಮುಂಬೈನ ಟಾಟಾ ಮೆಮೋರಿಯಲ್‌ನವರು. ಅಗ್ಗದ ಹಳೇ ಮಾತ್ರೆ. ವಾಂತಿಗೇ ಕೊಡೋ ದುಬಾರಿ ಏಪ್ರೆಪಿಟಂಟ್ ಕೊಳ್ಳಲಾಗದ ನಮ್ಮ ಜನಕ್ಕೆ ಇದು ದೊಡ್ಡ ಆಸರೆ.

ಇದೆಲ್ಲ ನನಗೆ ಗೊತ್ತಿತ್ತು. ಅವರಿಗೆ ಒಂದು ಮಾತು ಹೇಳಲಿಲ್ಲ. ಮೇಲಿಂದ ಬೈದೆ. ಅವತ್ತೇ ಕ್ಷಮೆ ಕೇಳಿದೆ.

ಈಗ ಮೊದಲೇ ಹೇಳ್ತೀನಿ: "ಇದನ್ನ ಮನಸ್ಸಿನ ಕಾಯಿಲೆಗೂ ಕೊಡ್ತಾರೆ, ನಿಮಗೆ ಕೊಡ್ತಿರೋದು ವಾಂತಿಗೆ. ಯಾರಾದರೂ ಏನಾದರೂ ಅಂದ್ರೆ ನಂಗೆ ಫೋನ್ ಮಾಡಿ." ಜೊತೆಗೆ ಬಂದವರಿಗೂ ಹೇಳ್ತೀನಿ, ಮಾತ್ರೆ ನಿಲ್ಲಿಸೋದು ಜಾಸ್ತಿ ಅವರೇ.

ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಮಾತ್ರ ಇವತ್ತಿಗೂ ಹೆಸರಿನ ಪಕ್ಕ "ಆಂಟಿಸೈಕೋಟಿಕ್", ಅಂದ್ರೆ ಮನೋರೋಗದ ಔಷಧಿ, ಅಂತಲೇ ಪ್ರಿಂಟ್ ಹೊಡೆಯುತ್ತೆ. ಬದಲಾಯಿಸಿ ಅಂತ ಮೂರು ಸಲ ಬರೆದುಕೊಟ್ಟೆ. ಆಡಳಿತದವರಿಗೆ ಇದು ಸಣ್ಣ ವಿಷಯ. ಹಾಗಾಗಿ ಪ್ರತಿ ಬಿಲ್ಲಿನ ಮೇಲೂ ನಾನೇ ಕೆಂಪು ಪೆನ್ನಲ್ಲಿ, ಕನ್ನಡದಲ್ಲಿ, ದಪ್ಪಗೆ ಬರೆಯುತ್ತೇನೆ: "ಕಿಮೋ ವಾಂತಿಗೆ."